ಲೋಕಕ್ಕೆಲ್ಲಾ ಒಂದಽ ಮಾತು

ತಿಳಿಯದ ಮಾತಿಗೆ ಹೂಂ ಅನ್ನಬಾರದು. ಇದನ್ನು ನಾನು ಯಾವ ಪುಸ್ತಕದಲ್ಲೂ ಓದಿದ್ದಲ್ಲ. ನರೇಗಲ್ಲಿನಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡು, ಹಗ್ಗದ ಅಂಗಡಿಯ ಗ್ಯಾನಪ್ಪನ ಗೋಡೆಗೆ ಗೋಡೆ ಹಚ್ಚಿ ಬದುಕಿ ಕಲಿತದ್ದು.

ಗ್ಯಾನಪ್ಪ ಕೆಟ್ಟವನಲ್ಲ. ಅವನು ಹೊಸೆದ ಹಗ್ಗವನ್ನು ಎತ್ತು ಹರಿದದ್ದಿಲ್ಲ, ಎಮ್ಮೆ ಹರಿದದ್ದಿಲ್ಲ. ಸವಡಿಯವರೂ ಮುಶಿಗೇರಿಯವರೂ ಅವನ ಹಗ್ಗವೇ ಬೇಕೆಂದು ಹುಡುಕಿಕೊಂಡು ಬರುತ್ತಿದ್ದರು. ಅವನಿಗೆ ಇದ್ದದ್ದು ಎರಡೇ ಶೋಕಿ. ಒಂದು ಮೀಸೆ. ದಿನಾ ಮುಂಜಾನೆ ಹರಳೆಣ್ಣೆ ಹಚ್ಚಿ ಅದರ ತುದಿಗಳನ್ನು ಖಿಲಾರಿ ಎತ್ತಿನ ಕೊಂಬಿನಂತೆ ಮೇಲಕ್ಕೆ ಏಳಿಸಿದ ಮೇಲೆಯೇ ಅವನು ಅಂಗಡಿಯ ಬಾಗಿಲು ತೆಗೆಯುತ್ತಿದ್ದುದು. ಇನ್ನೊಂದು ಶೋಕಿ, ‘ನನಗ ತಿಳೀಲಿಲ್ಲ’ ಎಂಬ ಮಾತನ್ನು ಸತ್ತರೂ ಬಾಯಿಂದ ಹೊರಡಿಸದಿರುವುದು.

ನಮ್ಮ ಸೀಮೆ ಇನ್ನೂ ಮುಂಬಯಿ ಸರಕಾರದ ಕೈಯಲ್ಲಿದ್ದ ಕಾಲ ಅದು. ತಕ್ಕಡಿಗೆ ಸರಕಾರದ ಮುದ್ರೆ ಹೊಡೆಸಿಕೊಂಡು ಬರಲು ಗ್ಯಾನಪ್ಪ ರೋಣಕ್ಕೆ ಹೋಗಿದ್ದ. ಅಲ್ಲಿ ಪುಣೆಯ ಕಡೆಯಿಂದ ಹೊಸದಾಗಿ ಬಂದ ಕಾರಕೂನ ಇವನ ಮೀಸೆ ನೋಡಿ ಖುಷಿಯಾಗಿ, ಮರಾಠಿಯಲ್ಲಿ ಏನೋ ಉದ್ದಕ್ಕೆ ಕೇಳಿದ. ಗ್ಯಾನಪ್ಪನ ಬೆನ್ನ ಹಿಂದೆಯೇ ನಮ್ಮೂರ ಕಿರಾಣಿ ವ್ಯಾಪಾರಿ ತೋಟಪ್ಪ ನಿಂತಿದ್ದ. ತೋಟಪ್ಪನ ಎದುರು ತಿಳಿಯಲಿಲ್ಲ ಎನ್ನುವುದೇ? ಗ್ಯಾನಪ್ಪ ಮೀಸೆ ತಿರುವಿ, ತನಗೆ ಗೊತ್ತಿದ್ದ ಒಂದೇ ಮರಾಠಿ ಮಾತು, ಹೂಂ ಎಂಬರ್ಥದ ‘ಹೋ’ ಎಂದ. ಕಾರಕೂನ ಕಣ್ಣರಳಿಸಿ ಮತ್ತೊಮ್ಮೆ ಕೇಳಿದ. ಇವನು ‘ಹೋ ಹೋ’ ಎಂದ. ಕಾರಕೂನ ಎದ್ದು ನಿಂತು ಕೈ ಕುಲುಕಿ ಕಳಿಸಿದ.

ಎಂಟು ದಿನದೊಳಗೆ ಅಂಗಡಿಯ ಮುಂದೆ ಒಂದು ಬಂಡಿ ಬಂದು ನಿಂತಿತು. ಬಂಡಿಯ ತುಂಬ ಇಲಿ ಬೋನು, ಪಾಷಾಣದ ಡಬ್ಬಿ, ಮೇಲೊಂದು ತಗಡಿನ ಬೋರ್ಡು. ನರೇಗಲ್ ಮತ್ತು ಸುತ್ತಲಿನ ಹಳ್ಳಿಗಳ ಇಲಿ ನಿರ್ಮೂಲನಕ್ಕೆ ಗ್ಯಾನಪ್ಪ ತಾನಾಗಿ ಒಪ್ಪಿಕೊಂಡ ಮುಖ್ಯಸ್ಥನಾಗಿದ್ದ. ಅವನ ಹೆಂಡತಿ ಬಾಳವ್ವ ಬೋರ್ಡು ಓದಿಸಿ ಕೇಳಿ ಹೊಸ್ತಿಲ ಮೇಲೆಯೇ ಕುಸಿದಳು.

“ಏನ್ರೀ, ಇದೇನ್ರೀ? ಮುಶಿಗೇರ್ಯಾಗ ನಮ್ಮಣ್ಣಗ ಏನಂತ ಹೇಳ್ಲಿ? ನಿಮ್ಮ ತಂಗಿ ಗಂಡ ಇಲಿ ಫೌಜದಾರ ಆಗ್ಯಾರಂತ ಹೇಳ್ಲೇನು?”

ಮರುದಿನದಿಂದ ಊರಿನವರು ಸತ್ತ ಇಲಿಗಳನ್ನು ಬಾಲ ಹಿಡಿದು ತಂದು ಹಗ್ಗದ ಅಂಗಡಿಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟು, ‘ಫೌಜದಾರ್ರಽ, ಲೆಕ್ಕಕ್ಕ ಹಿಡ್ಕೋರಿ’ ಎಂದು ಹೋಗತೊಡಗಿದರು.

ಆ ಅವಮಾನದಲ್ಲಿಯೇ ಅವನಿಗೆ ಜ್ಞಾನೋದಯವಾಯಿತು. ಒಂದು ಮಧ್ಯಾಹ್ನ, ನಾನು ಎಂಜಿನ್ನು ನಿಲ್ಲಿಸಿ ಬುತ್ತಿ ಬಿಚ್ಚುವ ಹೊತ್ತಿಗೆ, ಬೆಲ್ಲ ಕಟ್ಟಿಕೊಟ್ಟಿದ್ದ ಹಳೆಯ ಪೇಪರಿನ ತುಂಡೊಂದನ್ನು ಹಿಡಿದು ಓಡಿ ಬಂದ.

“ಗುರುಸಂಗಪ್ಪಾ, ಜಗತ್ತಿನ್ಯಾಗಿನ ಜಗಳಕ್ಕೆಲ್ಲಾ ಮೂಲ ಏನಂತ ಗೊತ್ತೈತೇನು?”

“ಹೊಲದ ಬದುವು,” ಎಂದೆ.

“ಅಲ್ಲೋ ಮಾರಾಯಾ. ಮಾತು! ಒಬ್ಬಂದ ಒಬ್ಬಗ ತಿಳ್ಯಂಗಿಲ್ಲ. ಇಲ್ಲಿ ನೋಡು, ಪರದೇಶದಾಗ ಯಾವನೋ ಕಣ್ಣಿನ ಡಾಕ್ಟರ ಇಡೀ ಲೋಕಕ್ಕೆಲ್ಲಾ ಒಂದಽ ಭಾಷಾ ಮಾಡಿ ಇಟ್ಟಾನಂತ. ಕಣ್ಣಿನ ಡಾಕ್ಟರಗ ಬಾಯಿ ಉಸಾಬರಿ ಯಾಕ ಬೇಕಾಗಿತ್ತು? ಅವಾ ಮಾಡಬಹುದಾದ್ರ ಹಗ್ಗ ಹೊಸ್ಯಾಂವ ನಾ ಯಾಕ ಮಾಡಬಾರದು? ಹಗ್ಗಂದ್ರ ಏನು? ಹತ್ತು ಎಳಿ ಕೂಡ್ಸಿ ಒಂದು ಮಾಡೂದು. ಇದೂ ಹಂಗಽ.”

“ಮೊದಲ ಇಲಿ ಹಿಡಿ,” ಎಂದೆ. ಅವನಿಗೆ ಕೇಳಿಸಲಿಲ್ಲ.

ಅಂದೇ ಭಾಷೆಗೆ ಹೆಸರಿಟ್ಟಾಯಿತು: ಏಕಮಾತು. ಶಬ್ದಗಳನ್ನು ಮಾಡುವ ಅವನ ರೀತಿ ನೋಡಿ ನನಗೂ ಒಂದು ಗಳಿಗೆ ತಲೆದೂಗುವಂತಾಯಿತು ಎಂದು ಒಪ್ಪಿಕೊಳ್ಳಬೇಕು. ಯಾವ ದೇಶದ ಶಬ್ದವನ್ನೂ ಅವನು ಎರವಲು ತರುವವನಲ್ಲ. ವಸ್ತು ತಾನೇ ಏನೆಂದು ಕೂಗುತ್ತದೋ ಅದೇ ಅದರ ಹೆಸರು.

“ನೀರಿಗೆ ಬುಳು. ಲಂಡನ್ನಿನ್ಯಾಗ ಗಡಿಗಿ ಮುಳುಗಿಸಿದ್ರೂ ಬುಳುಬುಳು ಅಂತೈತಿ, ನಮ್ಮ ಬಾವ್ಯಾಗ ಮುಳುಗಿಸಿದ್ರೂ ಬುಳುಬುಳು ಅಂತೈತಿ. ರೊಟ್ಟಿಗೆ ಟಪಾ.”

“ಲಂಡನ್ನಿನ್ಯಾಗ ಟಪಾಟಪಾ ರೊಟ್ಟಿ ಬಡೀತಾರೇನಪಾ?”

“ಬಡೀದಿದ್ರ ಏನ ತಿಂತಾರ ಅವ್ರು?”

ಎತ್ತಿಗೆ ಘಲ್ಲು, ಗಿರಣಿಗೆ ಧಡಾ, ಸಿಟ್ಟಿಗೆ ಚರ್ರು. ಇಷ್ಟಕ್ಕೇ ಬಿಟ್ಟಿದ್ದರೆ ಏಕಮಾತು ಯಾರಿಗೂ ತೊಂದರೆ ಕೊಡದೆ ಒಂದು ಮಳೆಗಾಲ ಬದುಕಿ ಸಾಯುತ್ತಿತ್ತು. ಆದರೆ ಅವನು ಒಂದು ಕಾಯ್ದೆ ಮಾಡಿದ.

“ನೀ, ನೀವು, ತಾವು. ಈ ಮೂರರಿಂದ ಮನಿ ಮುರದಾವು. ತೋಟಪ್ಪಗ ಅವನ ಕಾಕಾನ ಮಗಾ ಲಗ್ನದಾಗ ನೀ ಅಂದನಂತ ಇಬ್ಬರದೂ ಮಾತಿಲ್ಲ ಕತಿ ಇಲ್ಲ. ಮ್ಯಾಲೆ ಈ ‘ಏನ್ರೀ’ ಬ್ಯಾರೆ. ನಮ್ಮ ಓಣ್ಯಾಗ ಒಬ್ಬಾಕಿ ‘ಏನ್ರೀ’ ಅಂದ್ರ ಇದ್ದಬಿದ್ದ ಗಂಡಸರೆಲ್ಲಾ ತಿರಗ್ತೀವಿ. ಇದೂ ಒಂದು ಭಾಷಾನಽ? ಏಕಮಾತಿನ್ಯಾಗ ಎಲ್ಲಾರಿಗೂ ಬರೇ ಹೆಸರು. ಮಾತು ಸುರು ಆದ್ರ ಆಡಾಂವನ ಹೆಸರು, ಮುಗದ್ರ ಕೇಳಾಂವನ ಹೆಸರು. ದಿಲ್ಲಿ ಮಂತ್ರಿಗೂ ಹೆಸರು, ದನಾ ಕಾಯಾಂವಗೂ ಹೆಸರು. ಕೇಳು: ಗ್ಯಾನಪ್ಪ ಬುಳು ಗುರುಸಂಗಪ್ಪ.”

ನಾನು ತಂಬಿಗೆ ಎತ್ತಿ ನೀರು ಕೊಟ್ಟೆ. ಅವನ ಕಣ್ಣಲ್ಲಿ ನೀರು ಬಂತು. ಲೋಕದಲ್ಲಿ ಏಕಮಾತು ತಿಳಿದುಕೊಂಡ ಮೊದಲ ಮನುಷ್ಯ ನಾನೇ ಎಂದು ಅಪ್ಪಿಕೊಂಡ. ಅಲ್ಲಿ ಕೂತಿದ್ದವರು ಇಬ್ಬರೂ ಮದುವೆಯಾದವರು, ಇಬ್ಬರಿಗೂ ಬೆಳೆದ ಮಕ್ಕಳಿದ್ದರು. ಆದರೂ ಆ ಕಾಯ್ದೆಯಲ್ಲಿ ಇದ್ದ ತೂತು ಇಬ್ಬರಿಗೂ ಕಾಣಲಿಲ್ಲ. ಗಂಡಸರಷ್ಟೇ ಕೂತು ಲೋಕಕ್ಕೆ ಕಾಯ್ದೆ ಮಾಡಿದರೆ ಹೀಗೇ ಆಗುವುದು.

ಏಕಮಾತು ಮೊದಲು ಹತ್ತಿದ್ದು ಮಕ್ಕಳಿಗೆ. ಹಿರಿಯರ ಹೆಸರು ಹಿಡಿದು ಕೂಗಲು ಅವರಿಗೆ ಹುಟ್ಟಿದಾಗಿನಿಂದ ಸಿಕ್ಕ ಮೊದಲ ಪರವಾನಗಿ ಅದು. ಸಂತೆಯ ದಿನ, ಅಂಗಡಿಯ ತುಂಬ ಗಿರಾಕಿಗಳಿರುವಾಗ, ತೋಟಪ್ಪನ ಕಿರಿಯ ಮಗಳು ಗೌರವ್ವ ಸಾಲೆಯಿಂದ ಬಂದು ಪಾಟೀಚೀಲ ಒಗೆದು ಗಟ್ಟಿಯಾಗಿ ಕೂಗಿದಳು:

“ಗೌರವ್ವ ಟಪಾ ತೋಟಪ್ಪ!”

ತೋಟಪ್ಪನ ಕೈಯಲ್ಲಿದ್ದ ಬೆಲ್ಲದ ಪೆಂಟೆ ಅವನ ಕಾಲ ಮೇಲೆಯೇ ಬಿತ್ತು. ಹೆತ್ತ ಅಪ್ಪನನ್ನು, ಸಾಲಿ ಕಮಿಟಿಯ ಚೇರಮನ್ನನನ್ನು, ಮೊಳದುದ್ದದ ಹುಡುಗಿ ಸಂತೆಯಲ್ಲಿ ಹೆಸರು ಹಿಡಿದು ಕರೆದಿದ್ದಳು. ಒಬ್ಬ ಮುದುಕ ಕಿವಿ ಮುಚ್ಚಿಕೊಂಡು, ತೆಗೆದುಕೊಂಡ ಉಪ್ಪನ್ನು ಅಲ್ಲೇ ಬಿಟ್ಟು ಹೊರಟುಹೋದ. ಬಾಲೆಯ ತಪ್ಪೇನಿಲ್ಲ. ‘ರೊಟ್ಟಿ ಕೊಡು’ ಎಂದು ಜಗತ್ತಿಗೆಲ್ಲ ತಿಳಿಯುವ ಹಾಗೆ ಕೇಳಿದ್ದಳು.

ತೋಟಪ್ಪ ಕುಂಟುತ್ತಲೇ ಹಗ್ಗದ ಅಂಗಡಿಗೆ ಬಂದ. ಹಿಂದೆ ಅರ್ಧ ಸಂತೆ ಬಂತು. ಎಂಜಿನ್ನು ಬಂದ್ ಮಾಡಿ ನಾನೂ ಬಂದೆ.

“ಏನಲೇ ಇಲಿ ಫೌಜದಾರಾ! ಊರಾಗಿನ ಹುಡುಗುರ್ನ ಕೆಡಸಾಕ ಹತ್ತೀ ಏನು?”

“ತೋಟಪ್ಪಾ, ಸಿಟ್ಟಾಗಬ್ಯಾಡ. ಇನ್ನ ಹತ್ತು ವರ್ಷಕ್ಕ ಜಗತ್ತೆಲ್ಲಾ ಇದನ್ನಽ ಮಾತಾಡ್ತೈತಿ.”

ತೋಟಪ್ಪ ಬಾಯಿ ತೆರೆದವನು ತಟ್ಟನೆ ಮುಚ್ಚಿದ. ಅವನ ಮುಖದ ಮೇಲಿನ ಸಿಟ್ಟು ಇಳಿದು ಒಂದು ನಗೆ ಬಂತು. ವ್ಯಾಪಾರಿಗೆ ಎದುರಿನವನ ಚೀಲದ ತೂತು ಬೇಗ ಕಾಣುತ್ತದೆ.

“ಆತಪಾ. ಜಗತ್ತು ಆಮ್ಯಾಲೆ ಮಾತಾಡ್ಲಿ. ಮೊದಲ ನಿನ್ನ ಮನಿ ಮಾತಾಡ್ಲಿ. ಸಾಲಿ ತಪಾಸಣಿ ಸಾಹೇಬ್ರು ಮುಂದಿನ ವಾರ ಬರಾಕ ಹತ್ಯಾರ. ಅವರ ಮುಂದ ಬಾಳವ್ವ ನಿನ್ನ ಕೂಡ ಏಕಮಾತಿನ್ಯಾಗ ಮಾತಾಡ್ಲಿ, ನಿನ್ನ ಕಾಯ್ದೇ ಪ್ರಕಾರ. ಮಾತಾಡಿದ್ಲಂದ್ರ ನಾನಽ ಖುದ್ದು ಹೇಳಿ ನಿನ್ನ ಭಾಷಾನ ಮುಂಬಯಿಗೆ ಮುಟ್ಟಿಸ್ತೀನಿ. ಮಾತಾಡ್ಲಿಲ್ಲಂದ್ರ ಆ ಮೀಸಿ ತಗಸಬೇಕು. ಹೂಂ ಅಂತೀಯೇನು?”

“ಹೂಂ!” ಎಂದ ಗ್ಯಾನಪ್ಪ, ಮೀಸೆ ತಿರುವಿ. ನಾನು ಹೇಳಲಿಲ್ಲವೇ?

ಗುಂಪಿನ ಹಿಂದೆ ನಿಂತಿದ್ದ ಹೆಂಗಸರಲ್ಲಿ ಮೊದಲು ಒಬ್ಬಳು, ಆಮೇಲೆ ಎಲ್ಲರೂ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಆಗ ನನಗೆ ಆ ಕಾಯ್ದೆಯ ತೂತು ಕಂಡಿತು. ಬಾಳವ್ವ ಗಂಡನ ಜೊತೆ ಮಾತಾಡಬೇಕೆಂದರೆ ಮಾತಿನ ತುದಿಗೆ ಗಂಡನ ಹೆಸರು ಹೇಳಬೇಕು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವ ಹೆಂಗಸು ನರೇಗಲ್ಲಿನಲ್ಲಿ ಹುಟ್ಟಿರಲಿಲ್ಲ. ಬಾಳವ್ವ ಆ ಹೆಸರು ಹೇಳಿದ್ದು ಮದುವೆಯ ಹಂದರದಲ್ಲಿ ಒಂದೇ ಸಲ, ಅದೂ ಹಿರಿಯರ ಒತ್ತಾಯಕ್ಕೆ, ಎರಡು ಸಾಲಿನ ಪ್ರಾಸದ ಪದ್ಯವಾದ ಒಡಪಿನ ನಡುವೆ ಅಡಗಿಸಿ.

ಗ್ಯಾನಪ್ಪ ಮನೆಗೆ ಹೋಗಿ ಸುದ್ದಿ ಹೇಳಿದಾಗ ಬಾಳವ್ವ ಬಡಿಯುತ್ತಿದ್ದ ರೊಟ್ಟಿ ಕಟ್ಟಿಗೆಯ ಕೊಣಮಿಗೆಯಲ್ಲೇ ಹರಿಯಿತು. ಅವನು ಅಷ್ಟಕ್ಕೆ ಬಿಡಲಿಲ್ಲ. ರೂಢಿಯಾಗಲಿ ಎಂದು ಜೋಳದ ಚೀಲದ ಮೇಲೆ ಕೈಯಿಟ್ಟು ಆಣೆ ಮಾಡಿದ: ಸಾಹೇಬರು ಬಂದು ಹೋಗುವ ತನಕ ಈ ಮನೆಯಲ್ಲಿ ಏಕಮಾತು ಬಿಟ್ಟು ಬೇರೆ ಮಾತು ಆಡುವುದಿಲ್ಲ, ಕೇಳುವುದಿಲ್ಲ.

ಬಾಳವ್ವನ ಬಾಯಿ ಆ ಗಳಿಗೆಗೆ ಮುಚ್ಚಿತು.

ಓಣಿಗೆಲ್ಲ ಕೇಳುವಂತಿದ್ದ ಆ ಮನೆಯ ಮಾತು ನಿಂತಾಗ ನನಗೆ ಗಿರಣಿ ನಿಂತಷ್ಟೇ ಗಾಬರಿಯಾಯಿತು. ಅವಳು ಹೇಳಬೇಕಾದದ್ದನ್ನು ನಡುಮನೆಯ ಕಂಬಕ್ಕೆ ಹೇಳತೊಡಗಿದಳು. ‘ಕಂಬಾ, ರೊಟ್ಟಿ ಆರಾಕ ಹತ್ಯಾವು. ಕಂಬಾ, ಬೋನಿನ್ಯಾಗ ಇಲಿ ಬಿದ್ದೈತಿ.’ ಗ್ಯಾನಪ್ಪ ಕಂಬದ ಎದುರು ಮೂಕನಂತೆ ನಿಲ್ಲುತ್ತಿದ್ದ. ‘ಗ್ಯಾನಪ್ಪ ಟಪಾ ಬಾಳವ್ವ’ ಎಂದು ಅವನು ಕೇಳಿದರೆ, ಅವಳು ರೊಟ್ಟಿಯನ್ನು ಕಂಬದ ಬುಡದಲ್ಲಿಟ್ಟು ಒಳಗೆ ಹೋಗುತ್ತಿದ್ದಳು. ಉಪ್ಪು ಕಡಿಮೆಯಾಯಿತು ಎನ್ನಲು ಏಕಮಾತಿನಲ್ಲಿ ಇನ್ನೂ ಶಬ್ದ ಹುಟ್ಟಿರಲಿಲ್ಲ. ಅವನು ಸಪ್ಪೆಯನ್ನೇ ನುಂಗಿದ.

ಒಂದು ದಿನ ಬಾಳವ್ವ ಜೋಳದ ಬುಟ್ಟಿ ಹೊತ್ತು ಗಿರಣಿಗೆ ಬಂದಳು. ಜೊತೆಗೆ ಎದುರು ಮನೆಯ ಕಾಶೀಂಬಿ. ಕಾಶೀಂಬಿಯ ಗಂಡ ಬಾಬುಸಾಬ ಎತ್ತುಗಳ ಕಾಲಿಗೆ ಕಬ್ಬಿಣದ ನಾಲು ಬಡಿಯುವವನು, ಗ್ಯಾನಪ್ಪನ ಜೀವದ ಗೆಳೆಯ. ಇಬ್ಬರ ಕಣ್ಣೂ ಕೆಂಪಾಗಿದ್ದವು. ನಾನು ಎಂಜಿನ್ನು ನಿಲ್ಲಿಸಿದೆ.

“ಗುರುಸಂಗಣ್ಣಾ, ನೀವಽ ಹೇಳ್ರಿ,” ಎಂದಳು ಬಾಳವ್ವ. “ಗಂಡನ ಹೆಸರ ಒಮ್ಮೆ ಹೇಳಿದ್ರ ಆಯುಷ್ಯದಾಗ ಒಂದು ದಿನಾ ಕಡಿಮಿ ಆಗ್ತೈತಂತ ನಮ್ಮವ್ವ ಹೇಳ್ಯಾಳ. ಇವರ ಭಾಷಾದಾಗ ನೀರಿಗೆ ಒಮ್ಮೆ, ರೊಟ್ಟಿಗೆ ಒಮ್ಮೆ, ಬಾ ಅನ್ನಾಕ ಒಮ್ಮೆ, ಹೋಗು ಅನ್ನಾಕ ಒಮ್ಮೆ. ದೀಪಾವಳಿ ಬರೂದ್ರಾಗ ನಾನಽ ಇವರನ್ನ ಮುಗಿಸಿದಾಂಗ ಆಗ್ತೈತಿ! ಹೇಳ್ಲಿಲ್ಲಂದ್ರ ಮೀಸಿ ಹೋಗ್ತೈತಿ. ಮೀಸಿ ಹ್ವಾದ್ರ ಇವ್ರು ಹೊರಗ ಬರಂಗಿಲ್ಲ, ನನಗ ಗೊತ್ತೈತಿ. ಯಾವುದ ಉಳಸ್ಲಿ ಅಣ್ಣಾ, ಮಾನಾನೋ ಆಯುಷ್ಯಾನೋ?”

“ನಮ್ಮಾಗೂ ಹಂಗಽ ಅಕ್ಕಾ,” ಎಂದು ಕಾಶೀಂಬಿ ಮೂಗು ಒರೆಸಿಕೊಂಡಳು. “ನಾ ಜಹೀದಾನ ಅಬ್ಬಾ ಅಂತೇನಿ.”

“ಜಹೀದಾ ಹುಟ್ಟೂಕಿಂತ ಮೊದಲ ಏನಂತಿದ್ದೆವ್ವಾ?” ಎಂದೆ ನಾನು, ಸುಮ್ಮನಿರಲಾರದೆ.

“ಕೆಮ್ಮತಿದ್ದೆ.”

ಗೆಳೆಯನ ಮೇಲಿನ ಅಭಿಮಾನಕ್ಕೆ ಬಾಬುಸಾಬನೂ ಮನೆಯಲ್ಲಿ ಏಕಮಾತು ಸುರು ಮಾಡಿದ್ದನಂತೆ. ಅವಳು ಹಳೆಯ ರೂಢಿಗೆ ಹಿಂದಿರುಗಿ ದಿನವಿಡೀ ಕೆಮ್ಮಿದಳು. ಅವನು ಹೆದರಿ, ಬಂಡಿ ಕಟ್ಟಿ, ದವಾಖಾನಿಗೆ ಕರೆದುಕೊಂಡು ಹೋಗಿ ಸೂಜಿ ಚುಚ್ಚಿಸಿಕೊಂಡು ಬಂದ.

ಸುದ್ದಿ ಊರಲ್ಲಿ ನಿಲ್ಲಲಿಲ್ಲ. ಸಂತೆಗೆ ಬಂದವರ ಬಂಡಿಯಲ್ಲಿ ಕೂತು ಗಜೇಂದ್ರಗಡಕ್ಕೆ ಹೋಯಿತು. ಅಲ್ಲಿ ಅದು, ಹೆಂಡಂದಿರು ಗಂಡನ ಹೆಸರು ಹೇಳಲೇಬೇಕೆಂದು ಸರಕಾರದ ಹುಕುಂ ಬಂದಿದೆ ಎಂದಾಯಿತು. ನರಗುಂದ ಮುಟ್ಟುವ ಹೊತ್ತಿಗೆ, ಹೆಸರು ಹೇಳದ ಮನೆಗೆ ರೇಶನ್ನಿನ ಸಕ್ಕರೆ ಬಂದ್ ಎಂದಾಗಿತ್ತು. ನರಗುಂದದಲ್ಲಿ ಒಬ್ಬ ಮುದುಕಿ ತನ್ನ ಗಂಡ ಸತ್ತು ಎಷ್ಟೋ ಕಾಲವಾಗಿದ್ದರೂ, ಮೇಲೆ ಹೋದವರಿಗೂ ಈ ಕಾಯ್ದೆ ಹತ್ತುತ್ತದೆಯೇ ಎಂದು ಕೇಳಿಸಲು ಮೊಮ್ಮಗನನ್ನು ಚಾವಡಿಗೆ ಕಳಿಸಿದಳಂತೆ. ನಮ್ಮ ಹೆಂಗಸರಂತೂ ನನ್ನ ಗಿರಣಿಯಲ್ಲಿ ನನ್ನನ್ನು ಕೊಲೆಗಡುಕನ ಗೆಳೆಯನಂತೆ ನೋಡಿ, ಹಿಟ್ಟಿನ ತೂಕವನ್ನು ಎರಡೆರಡು ಸಲ ಮಾಡಿಸತೊಡಗಿದರು.

ನಾನು ಗ್ಯಾನಪ್ಪನನ್ನು ಹಿಡಿದು ಬುದ್ಧಿ ಹೇಳಿದೆ. “ಸೋತೆ ಅಂತ ಹೇಳಿಬಿಡೋ. ಮೀಸಿ ಮತ್ತ ಬೆಳೀತೈತಿ.”

“ಗುರುಸಂಗಪ್ಪಾ, ಇವತ್ತ ಬಾಳವ್ವಗ ಅಂಜಿ ಕಾಯ್ದೆ ಸಡ್ಲ ಬಿಟ್ರ ನಾಳೆ ಜಪಾನದವ್ರು ಕೇಳ್ತಾರ, ರಶ್ಯಾದವ್ರು ಕೇಳ್ತಾರ. ಯಾರ್‍ಯಾರಿಗಂತ ಬಿಡ್ಲಿ?”

ಜಪಾನಿನವರಿಗೆ ಉತ್ತರ ಹೇಳಬೇಕಾದವನ ಜೊತೆ ಏನು ವಾದಿಸುವುದು?

ಸಾಹೇಬರ ಜೀಪು ಬಂದ ದಿನ ಸಾಲೆಯ ಅಂಗಳದಲ್ಲಿ ಸಾಸಿವೆ ಹಾಕಲು ಜಾಗವಿರಲಿಲ್ಲ. ಸಾಹೇಬರು ಪುಣೆಯವರು. ಕನ್ನಡ ಮುರುಕು. ಜೊತೆಗೆ ಅವರ ಹೆಂಡತಿ ಬಾಯಿಸಾಹೇಬರೂ ಬಂದಿದ್ದರು. ತಪಾಸಣೆ ಮುಗಿದ ಮೇಲೆ ಗಜೇಂದ್ರಗಡಕ್ಕೆ ಹೋಗಿ ಸೀರೆ ನೋಡುವುದು ಅವರ ಉದ್ದೇಶ, ಅವರಿಗೆ ಕನ್ನಡ ಒಂದಕ್ಷರವೂ ಬಾರದು. ತೋಟಪ್ಪ ತಪಾಸಣೆ ಮುಗಿಯುವುದನ್ನೇ ಕಾದು, ‘ಸಾಹೇಬ್ರ, ನಮ್ಮೂರಾಗ ಒಂದು ಚಮತ್ಕಾರ ನೋಡ್ಕೊಂಡ ಹೋಗ್ರಿ’ ಎಂದ. ಬೇವಿನ ಗಿಡದ ಕೆಳಗೆ ಹಡಪದ ಹೂವಪ್ಪ ಆಗಲೇ ಬಟ್ಟಲಲ್ಲಿ ನೀರಿಟ್ಟುಕೊಂಡು ಕತ್ತಿ ಮಸೆಯುತ್ತಿದ್ದ. ಇದೂ ತೋಟಪ್ಪನದೇ ಏರ್ಪಾಡು.

ಗ್ಯಾನಪ್ಪ ರುಮಾಲು ಸುತ್ತಿ, ಮೀಸೆಗೆ ದುಪ್ಪಟ್ಟು ಎಣ್ಣೆ ಹಾಕಿಕೊಂಡು ಮುಂದೆ ಬಂದ. “ಗ್ಯಾನಪ್ಪ ನಮೋ…” ಎಂದು ಸುರು ಮಾಡಿ ಅಲ್ಲೇ ನಿಂತ. ಕಾಯ್ದೆಯ ಪ್ರಕಾರ ಮಾತು ಮುಗಿಸಲು ಕೇಳುವವರ ಹೆಸರು ಬೇಕು.

“ಸಾಹೇಬ್ರ, ತಮ್ಮ ಹೆಸರು?”

ಸಾಹೇಬರ ಜವಾನ, ಪಟ್ಟೇವಾಲ ಲಾಡಸಾಬ ಹೌಹಾರಿ ಎರಡೂ ಕೈ ಅಡ್ಡ ಹಿಡಿದ. “ಏ ಹುಚ್ಚಾ! ಸಾಹೇಬ್ರಿಗೆ ಹೆಸರು ಇರಂಗಿಲ್ಲೋ!”

ಮಾಸ್ತರರ ಮುಖ ಬೆಳ್ಳಗಾಯಿತು. ಸಾಹೇಬರು ಏನಾಯಿತೆಂದು ಎಲ್ಲರ ಮುಖ ನೋಡಿದರು. ತೋಟಪ್ಪ ನಡುವೆ ಬಂದು, ‘ಅದಿರ್ಲಿ, ನಿನ್ನ ಹೇಣ್ತಿ ಕೂಡ ಮಾತಾಡು’ ಎಂದ.

ಹೆಂಗಸರ ಗುಂಪಿನ ಮುಂದೆ ಬಾಳವ್ವ ತಂಬಿಗೆ ಹಿಡಿದು ಕೂತಿದ್ದಳು.

“ಗ್ಯಾನಪ್ಪ ಬುಳು ಬಾಳವ್ವ.”

ಬಾಳವ್ವ ತಲೆ ಎತ್ತಲಿಲ್ಲ.

“ಗ್ಯಾನಪ್ಪ ಬುಳು ಬಾಳವ್ವ!” ನೀರು ಕೇಳುವವನ ಗಂಟಲು ಖರೇನೇ ಒಣಗಿತ್ತು.

ಸರ್, ಸರ್ ಎಂದು ಕತ್ತಿ ಮಸೆಯುವ ಸಪ್ಪಳ ಒಂದೇ ಕೇಳುತ್ತಿತ್ತು. ತೋಟಪ್ಪ ಕಾಲಿನ ನೋವನ್ನೂ ಮರೆತು ನಿಗುರಿ ನಿಂತಿದ್ದ. ಬಾಳವ್ವ ಒಮ್ಮೆ ಕತ್ತಿಯ ಕಡೆ ನೋಡಿದಳು. ಒಮ್ಮೆ ಮೀಸೆಯ ಕಡೆ ನೋಡಿದಳು. ಆ ಮೀಸೆಯ ತುದಿಗಳು, ಎಷ್ಟು ಎಣ್ಣೆ ಕುಡಿದಿದ್ದರೂ, ಗಡಗಡ ನಡುಗುತ್ತಿದ್ದವು.

ಅವಳು ಎದ್ದಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಮದುವೆಯ ಹಂದರದಲ್ಲಿ ನಿಲ್ಲುವ ಹಾಗೆ ಒಂದು ಪಕ್ಕಕ್ಕೆ ತಿರುಗಿ ನಿಂತು, ಓಣಿಗೆಲ್ಲ ಗೊತ್ತಿದ್ದ ಅದೇ ಹಳೆಯ ದನಿಯಲ್ಲಿ ಹೇಳಿದಳು:

“ಗಡಿಗ್ಯಾಗ ಬುಳು ಐತಿ, ಹಂಚಿನ ಮ್ಯಾಲ ಟಪಾ ಐತಿ, ಒಲಿಯಾಗ ಕೆಂಡೈತಿ,
ಲೋಕಕ್ಕೆಲ್ಲಾ ಮಾತು ಕೊಟ್ಟ ಗ್ಯಾನಪ್ಪನ ಮನಿ ಮಾತ್ರ ಮೂಕಾಗೈತಿ!”

ಹೂವಪ್ಪನ ಕತ್ತಿ ನಿಂತಿತು. ಹಂದರವಿಲ್ಲ, ಅಕ್ಕಿಕಾಳಿಲ್ಲ, ಅಂಗಳ ತುಂಬಿದ ಗಂಡಸರ ಎದುರು, ಸರಕಾರದ ಎದುರು ಬಾಳವ್ವ ಗಂಡನ ಹೆಸರು ಹೇಳಿದ್ದಳು. ಆದರೆ ಒಡಪಿನಲ್ಲಿ ಹೇಳಿದ್ದಳು. ಒಡಪಿನೊಳಗೆ ಹೇಳಿದ ಹೆಸರಿಗೆ ಆಯುಷ್ಯ ಕಡಿಮೆಯಾಗುವುದಿಲ್ಲ. ಇದು ಎಲ್ಲ ಹೆಂಗಸರಿಗೂ ಗೊತ್ತು, ನಮಗೆ ಯಾರಿಗೂ ಹೊಳೆದಿರಲಿಲ್ಲ. ಹೆಂಗಸರು ಹೋ ಎಂದು ನಕ್ಕರು. ಆ ಅಲೆಯಲ್ಲೇ ಕಾಶೀಂಬಿ ಎದ್ದು ನಿಂತಳು. ಮೊದಲು ರೂಢಿಯಂತೆ ಒಮ್ಮೆ ಕೆಮ್ಮಿದಳು.

“ಎತ್ತಿನ ಕಾಲಿಗೆ ನಾಲು ಬಡೀತಾರ, ಗಾಲಿಗೆ ಬಡೀತಾರ ಪಟ್ಟಿ,
ಕೆಮ್ಮಿದ್ದಕ್ಕ ಸೂಜಿ ಚುಚ್ಚಿಸ್ಯಾರ, ಬಾಬುಸಾಬರ ಬುದ್ಧಿ ಭಾಳ ಗಟ್ಟಿ!”

ಬಾಬುಸಾಬ ಪಕ್ಕದಲ್ಲಿದ್ದವನ ರುಮಾಲು ಎಳೆದು ಮುಖ ಮುಚ್ಚಿಕೊಂಡ.

ಎಲ್ಲರಿಗಿಂತ ಹೆಚ್ಚು ಬೆರಗಾದವರು ಸಾಹೇಬರು. ಅವರು ಕುರ್ಚಿಯಿಂದ ಎದ್ದು, “ಅರೇ! ಹಾ ತರ ಉಖಾಣಾ!” ಎಂದು ಒಡಪಿನ ಮರಾಠಿ ಹೆಸರು ಕೂಗಿ ಹೆಂಡತಿಯ ಕಡೆ ತಿರುಗಿದರು. ಆಮೇಲೆ ಮುರುಕು ಕನ್ನಡದಲ್ಲಿ, “ನಮ್ಮ ಮನೀತ ಪಣ ಹಿಂಗಽ! ಹೆಸರು ಹೇಳೂದು ನಾಹೀ. ಪದ್ಯ… ಪದ್ಯದಾಗ ಹೇಳೂದು!” ಎಂದು ಮಕ್ಕಳಂತೆ ಕೈ ತಟ್ಟಿದರು.

ಇಷ್ಟು ಸಾಕಾಯಿತು ನಮ್ಮ ಹೆಂಗಸರಿಗೆ. ಅವರು ನೇರ ಬಾಯಿಸಾಹೇಬರನ್ನು ಸುತ್ತುಗಟ್ಟಿದರು. ಬಾಳವ್ವ ಅವರ ಹಣೆಗೆ ಕುಂಕುಮ ಹಚ್ಚಿದಳು. ಕಾಶೀಂಬಿ ಅವರ ಕೈ ಹಿಡಿದು, ಸಾಹೇಬರ ಕಡೆ ಬೆರಳು ತೋರಿಸಿ, ಹುಬ್ಬು ಹಾರಿಸಿದಳು. ಯಾರೂ ಒಂದು ಮಾತನ್ನೂ ಆಡಲಿಲ್ಲ. ಬಾಯಿಸಾಹೇಬರಿಗೆ ಎಲ್ಲವೂ ತಿಳಿಯಿತು. ಸಾಹೇಬರು ಗಾಬರಿಯಾಗಿ ‘ನಕೋ, ನಕೋ’ ಎನ್ನುತ್ತಿರುವಾಗಲೇ ಅವರು ಸೆರಗು ಸರಿಮಾಡಿಕೊಂಡು ಮರಾಠಿಯಲ್ಲಿ ಸರಸರ ಎರಡು ಸಾಲು ಹೇಳಿಬಿಟ್ಟರು. ನಮಗೆ ಒಂದಕ್ಷರವೂ ತಿಳಿಯಲಿಲ್ಲ. ಸಾಹೇಬರ ಕಿವಿ ಮೆಣಸಿನಕಾಯಿಯಂತೆ ಕೆಂಪಾದದ್ದು ಮಾತ್ರ ಎಲ್ಲರಿಗೂ ತಿಳಿಯಿತು. ಅವರ ಹೆಸರು ಆ ಸಾಲುಗಳಲ್ಲೇ ಎಲ್ಲೋ ಇತ್ತು. ಯಾರ ಕಿವಿಗೂ ಸಿಕ್ಕಲಿಲ್ಲ. ಲಾಡಸಾಬ ಹೇಳಿದ್ದೇ ಖರೇ ಆಯಿತು.

ಈ ಗದ್ದಲದ ನಡುವೆ ಗ್ಯಾನಪ್ಪ ನಿಂತಲ್ಲೇ ನಿಂತಿದ್ದ. ನೀರು ಇನ್ನೂ ಸಿಕ್ಕಿರಲಿಲ್ಲ. ಏಕಮಾತಿನ ಸುದ್ದಿಯನ್ನು ಯಾರೂ ಎತ್ತಲಿಲ್ಲ. ತೋಟಪ್ಪ ಒಬ್ಬನೇ ಮರೆಯಲಿಲ್ಲ.

“ಅದೇನ ಏಕಮಾತೇನು? ಅದು ಅಪ್ಪಟ ಕನ್ನಡ! ಮೀಸಿ ತಗಸು.”

“ಬುಳು ಅಂದಾಳ, ಟಪಾ ಅಂದಾಳ, ಹೆಸರೂ ಹೇಳ್ಯಾಳ,” ಎಂದು ಬಾಬುಸಾಬ ರುಮಾಲಿನೊಳಗಿಂದಲೇ ಜಗಳಕ್ಕೆ ಬಂದ. “ಮೀಸಿ ಹ್ಯಾಂಗ ತಗಸ್ತೀ?”

ಪಂಚಾಯಿತಿ ಸಾಹೇಬರ ಮುಂದೆ ಹೋಯಿತು. ನಾನು ಕೈಸನ್ನೆಯಿಂದ, ತೋಟಪ್ಪ ಬಾಯಿಂದ, ಮಾಸ್ತರರು ಇಂಗ್ಲೀಷಿನಿಂದ ವಿಷಯ ಹೇಳಿದೆವು. ಸಾಹೇಬರು ಇನ್ನೂ ಆರದ ಕಿವಿಗಳನ್ನು ಉಜ್ಜಿಕೊಳ್ಳುತ್ತ ಯೋಚಿಸಿ, ಗಂಭೀರವಾಗಿ ತೀರ್ಪು ಕೊಟ್ಟರು.

“ಅರ್ಧಾ.”

ಸರಕಾರದ ಮಾತಿಗೆ ಎದುರಾಡುವವರು ಯಾರು? ಹೂವಪ್ಪ ಗ್ಯಾನಪ್ಪನನ್ನು ಬೇವಿನ ನೆರಳಲ್ಲಿ ಕೂರಿಸಿ ಎಡಗಡೆಯ ಮೀಸೆಯನ್ನು ನಯವಾಗಿ ತೆಗೆದ. ಖಿಲಾರಿ ಎತ್ತಿನ ಒಂದು ಕೊಂಬು ಮಣ್ಣಿಗೆ ಬಿತ್ತು. ಬಲಗಡೆಯದು ಬಾನಿಗೆ ಏರಿಯೇ ಇತ್ತು. ಹಾಗೆ ಅರ್ಧ ಸೋತ, ಅರ್ಧ ಗೆದ್ದ ಮುಖವನ್ನು ನಾನು ಹಿಂದೆ ಕಂಡಿರಲಿಲ್ಲ. ಜೀಪು ಗಜೇಂದ್ರಗಡದ ದಾರಿ ಹಿಡಿಯಿತು. ಹೋಗುವಾಗ ಬಾಯಿಸಾಹೇಬರು ತಿರುತಿರುಗಿ ಕೈ ಬೀಸಿದರು.

ಗ್ಯಾನಪ್ಪ ಮನೆಗೆ ಬಂದರೆ ಬಾಗಿಲು ಒಳಗಿನಿಂದ ಹಾಕಿತ್ತು. ಗೋಡೆಗೆ ಗೋಡೆ ಹತ್ತಿದ ಮನೆ, ಕೇಳಬಾರದೆಂದರೂ ನನಗೆ ಕೇಳುತ್ತದೆ. ಅವನು ಕಟ್ಟೆಯ ಮೇಲೆ ನಿಂತು ಏನೂ ತೋಚದೆ ಕೆಮ್ಮಿದ.

“ಯಾರವರು ಕೆಮ್ಮಾವ್ರು?” ಒಳಗಿನಿಂದ ಬಾಳವ್ವ.

“ನಾನಽ.”

“ನಾನಂದ್ರ ಯಾರು? ನಮ್ಮನ್ಯಾಗ ಎಲ್ಲಾರಿಗೂ ಹೆಸರ ಐತಿ. ಹೇಳಾಂವಂದೂ ಹೇಳ್ಬೇಕು, ಕೇಳಾಕಿದೂ ಹೇಳ್ಬೇಕು. ಹಂದರದಾಗ ಹೇಳಿದಾಂಗ ಹೇಳ್ರಿ.”

ಗ್ಯಾನಪ್ಪ ಆಚೆ ಈಚೆ ನೋಡಿದ. ಓಣಿಯ ಕಿಟಕಿಗಳೆಲ್ಲ ತೆರೆದಿದ್ದವು. ಅವನು ಬೋಳಾದ ಕಡೆಯನ್ನು ಅಂಗೈಯಲ್ಲಿ ಮುಚ್ಚಿಕೊಂಡು, ಜೀವಮಾನದಲ್ಲಿ ಮೊದಲ ಸಲ ಶಬ್ದಕ್ಕಾಗಿ ತಡವರಿಸಿದ.

“ಅರ್ಧಾ ಮೀಸಿ ಹೋಗೈತಿ, ಅರ್ಧಾ ಮೀಸಿ ಉಳದೈತಿ…
ಬಾಳವ್ವಾ, ಬಾಗಲಾ ತಗಿ, ಗ್ಯಾನಪ್ಪಗ… ಗ್ಯಾನಪ್ಪಗ ತಿಳದಿಲ್ಲೈತಿ.”

ಪ್ರಾಸಕ್ಕೆ ಸಿಕ್ಕಿಬಿದ್ದು ಹೇಳಿದನೋ, ಮನಸಿನಿಂದ ಹೇಳಿದನೋ, ದೇವರಿಗೇ ಗೊತ್ತು. ‘ತಿಳದಿಲ್ಲ’ ಎಂಬ ಮಾತು ಅವನ ಬಾಯಿಂದ ಬಂದದ್ದು ಕೇಳಿ ನಾನು ಗೋಡೆ ಹಿಡಿದುಕೊಂಡೆ. ಒಳಗೆ ಚಿಲಕ ಸರಿಯಿತು.

“ಬರ್ರಿ ಒಳಗ. ರೊಟ್ಟಿ ಆರಾಕ ಹತ್ಯಾವು.”

ಮೀಸೆ ಸರಿಯಾಗಿ ಬೆಳೆಯುವ ತನಕ ಗ್ಯಾನಪ್ಪ ಉಳಿದರ್ಧವನ್ನು ಬೀದಿಯ ಕಡೆಗೆ ಮಾಡಿಕೊಂಡು ಅಂಗಡಿಯಲ್ಲಿ ಕೂರುತ್ತಿದ್ದ. ಹಗ್ಗ ಹೊಸೆಯುತ್ತಿದ್ದ, ಇಲಿಗಳ ಲೆಕ್ಕ ಹಿಡಿಯುತ್ತಿದ್ದ. ಮಧ್ಯಾಹ್ನವಾಗುತ್ತಲೂ ಒಳಗಿನಿಂದ ಬಾಳವ್ವ ಕೂಗುತ್ತಿದ್ದಳು: “ಏನ್ರೀ!”

ಬಾಬುಸಾಬ ಸುತ್ತಿಗೆ ನಿಲ್ಲಿಸಿ ತಿರುಗುತ್ತಿದ್ದ. ತೋಟಪ್ಪ ತಕ್ಕಡಿ ಹಿಡಿದೇ ತಿರುಗುತ್ತಿದ್ದ. ಗಿರಣಿಯ ಬಾಗಿಲಲ್ಲಿ ನಾನೂ ತಿರುಗುತ್ತಿದ್ದೆ. ಓಣಿಯ ಗಂಡಸರೆಲ್ಲ ತಿರುಗುತ್ತಿದ್ದೆವು.

ಏಳುತ್ತಿದ್ದವನು ಗ್ಯಾನಪ್ಪ ಒಬ್ಬನೇ.